ಚುಕ್ಕೆ ಇಟ್ಟು ಹೇಳಿದ ಸಂಕಲ್ಪ

ವಾಡಿ ಜಂಕ್ಷನ್
18 ನವೆಂಬರ್ 1996

ತೀರ್ಥರೂಪ ಅಪ್ಪನವರಿಗೆ ಶುಭಾಳ ಸಾಷ್ಟಾಂಗ ನಮಸ್ಕಾರ.

ಮುಟ್ಟಿದ ಕೂಡಲೇ ಪತ್ರ ಹಾಕು ಎಂದಿದ್ದಿರಿ, ಹಾಕಲಿಲ್ಲ. ಬೈಯುವುದಿದ್ದರೆ ಇಲ್ಲೇ ನಿಲ್ಲಿಸಿ, ಬೈದು ಮುಗಿಸಿ, ಆಮೇಲೆ ಮುಂದೆ ಓದಿ.

ಅನಸುಬಾಯಿ ಅತ್ಯಾ ತನ್ನ ರೈಲ್ವೆ ಕ್ವಾರ್ಟರ್ಸಿನ ಮುಂದಿನ ಕೋಣೆಯನ್ನು ನನಗೆ ಬಿಟ್ಟುಕೊಟ್ಟಿದ್ದಾಳೆ. ನಿಮ್ಮ ತಂಗಿ ಥೇಟ್ ನಿಮ್ಮ ಹಾಗೆಯೇ, ಸಿಟ್ಟೂ ಬೇಗ, ನಗುವೂ ಬೇಗ. ರೈಲು ಬಂದರೆ ಮಾತು ನಿಲ್ಲಿಸುತ್ತಾಳೆ, ರೈಲು ಹೋದ ಮೇಲೆ ನಿಲ್ಲಿಸಿದ ಶಬ್ದದಿಂದಲೇ ಮುಂದುವರಿಸುತ್ತಾಳೆ. ನಾನೂ ಈಗ ಹಾಗೆ ಮಾಡಲು ಕಲಿತಿದ್ದೇನೆ.

ಕೆಲಸ ಸಿಮೆಂಟ್ ಫ್ಯಾಕ್ಟರಿಯ ಲಾರಿ ಕಾಟಾದಲ್ಲಿ. ತುಂಬಿದ ಲಾರಿ ಕಾಟಾದ ಮೇಲೆ ನಿಲ್ಲುತ್ತದೆ, ತೂಕವಾಗುತ್ತದೆ, ಚೀಟಿ ಸಿಕ್ಕ ಮೇಲೆ ಗೇಟು ದಾಟುತ್ತದೆ. ಇಷ್ಟು ವರ್ಷ ಆ ಚೀಟಿಯನ್ನು ಅಮೀರ್ ಅಲಿ ಚಾಚಾ ಕೈಯಿಂದ ಬರೆಯುತ್ತಿದ್ದರು. ಈಗ ಯುನಿಕ್ಸ್ ಎಂಬ ವ್ಯವಸ್ಥೆಯ ಕಂಪ್ಯೂಟರ್ ಬಂದಿದೆ. ಅದು ಮಾಡಬೇಕಾದ ಕೆಲಸಗಳನ್ನು ಸಾಲಾಗಿ ಬರೆದಿಟ್ಟರೆ ಅದಕ್ಕೆ ಸ್ಕ್ರಿಪ್ಟ್ ಅನ್ನುತ್ತಾರೆ. ಬರೆಯುವವಳು ನಾನು. ನಮ್ಮ ಸಾಹೇಬರು ನಂದಕಿಶೋರ್ ಮೊದಲ ದಿನವೇ ಹೇಳಿಬಿಟ್ಟರು: "ಯುಗಾದಿ ತನಕ ನೋಡೂಣು. ಚೀಟಿ ಸರಿ ಬಂದ್ರ ನಿನ್ನ ಕೆಲಸ ಖಾಯಂ. ಇಲ್ಲಂದ್ರ ಚಾಚಾನ ಕೈಗೆ ಮತ್ತ ಪೆನ್ನು."

ಈ ಕಂಪ್ಯೂಟರಿಗೆ ತಾನು ಎಲ್ಲಿದ್ದೇನೆ, ಮುಂದೆ ಕುಳಿತವರು ಯಾರು, ಯಾವ ಪಾಳಿ ನಡೆದಿದೆ ಎಂಬುದು ತಾನಾಗಿ ತಿಳಿಯುವುದಿಲ್ಲ. ಮೊದಲು ಇವನ್ನೆಲ್ಲ ಹೇಳಿಕೊಡಬೇಕು. ಇವಕ್ಕೆ ಎನ್ವಿರಾನ್‌ಮೆಂಟ್ ವೇರಿಯಬಲ್ ಎಂದು ಹೆಸರು. ಹೆಸರು ಅದೇ ಇರುತ್ತದೆ, ಅದರೊಳಗೆ ಇಡುವ ಮಾತು ಬದಲಾಗುತ್ತದೆ. ಅತ್ಯಾಗೆ ಇದನ್ನು ತಿಳಿಸಿ ಹೇಳಲು ಹೋಗಿ ಸೋತೆ. ನಿಮಗೆ ತಿಳಿಯಿತೇ?

ಅವ್ವನಿಗೆ ನಮಸ್ಕಾರ. ತಮ್ಮ ಲಕ್ಷ್ಮಿಕಾಂತ ನನ್ನ ಸೈಕಲ್ ಮುಟ್ಟಕೂಡದು.

ನಿಮ್ಮ ಮಗಳು
ಶುಭಾ

---

ಚಿಂಚೋಳಿ
ಧಾತೃ ಸಂವತ್ಸರ, ಕಾರ್ತಿಕ ಪೌರ್ಣಿಮೆ (25-11-1996)

ಚಿ. ಶುಭಾಳಿಗೆ ಅಪ್ಪನ ಆಶೀರ್ವಾದ.

ನೀನು ಹೇಳಿದ ಜಾಗದಲ್ಲೇ ನಿಲ್ಲಿಸಿ ಬೈದೆ. ನಿಮ್ಮ ಅವ್ವ ಅಡುಗೆಮನೆಯಿಂದ ಬಂದು, "ಯಾರಿಗೆ ಬೈಯಾಕತ್ತೀರಿ?" ಎಂದು ಕೇಳಿದಳು. ಪತ್ರಕ್ಕೆ ಎಂದೆ.

ನಿನ್ನ ಯಂತ್ರದಲ್ಲಿ ಹೊಸದೇನಿದೆ? ಹನುಮಂತದೇವರ ಗುಡಿಯಲ್ಲಿ ನಾನು ದಿನಾ ಬೆಳಿಗ್ಗೆ ಮಾಡುವುದು ಅದನ್ನೇ. ಪೂಜೆಗೆ ಮೊದಲು ಸಂಕಲ್ಪ. ಇಂಥ ಸಂವತ್ಸರ, ಇಂಥ ಋತು, ಇಂಥ ತಿಥಿ, ಇಂಥ ಊರು, ಮಾಡಿಸುವವರು ಇಂಥವರು, ಬೇಡಿಕೆ ಇಂಥದ್ದು. ಇಷ್ಟು ಹೇಳಿದ ಮೇಲೆ ಪೂಜೆ ನಿನ್ನೆ ಮಾಡಿದ್ದೇ, ನಾಳೆ ಮಾಡುವುದೇ. ಹಾಗಾಗಿ ನಿನ್ನ ವೇರಿಯಬಲ್ಲು ನನಗೆ ಚೆನ್ನಾಗಿ ತಿಳಿಯಿತು. ನನ್ನ ತಂಗಿಗೆ ತಿಳಿಯಲಿಲ್ಲ ಎಂದರೆ ನನಗೆ ಆಶ್ಚರ್ಯವಿಲ್ಲ.

ಪಂಚಾಂಗದ ಸಣ್ಣ ಅಕ್ಷರ ನನ್ನ ಕಣ್ಣಿಗೆ ಕಾಣುವುದಿಲ್ಲ ಎಂಬುದು ನಿನಗೆ ಗೊತ್ತು. ದಿನಾ ನೀನು ಓದಿ ಹೇಳುತ್ತಿದ್ದೆ. ಈಗ ಲಕ್ಷ್ಮಿಕಾಂತ ಓದುತ್ತಾನೆ. ಹಲ್ಲುಜ್ಜುತ್ತ ಓದುತ್ತಾನೆ. ಮೊನ್ನೆ ದ್ವಾದಶಿಯನ್ನು ದಶಮಿ ಎಂದ, ನಾನೂ ಹಾಗೆಯೇ ಹೇಳಿದೆ. ದೇವರು ಏನೂ ಅನ್ನಲಿಲ್ಲ.

ಇನ್ನೊಂದು ಮಾತು. ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತಿದೆ: ಯುಗಾದಿಯ ಬೆಳಿಗ್ಗೆ ಮನೆಯ ಹೆಸರಲ್ಲಿ ಒಂದೇ ಒಂದು ಬೇಡಿಕೆಯ ಸಂಕಲ್ಪ, ಅದನ್ನು ವರ್ಷವಿಡೀ ಬದಲಿಸುವಂತಿಲ್ಲ. ಬರುವ ಯುಗಾದಿಗೆ ನನ್ನ ಬೇಡಿಕೆ ಏನೆಂದರೆ, ಶುಭಾ ಮನೆಗೆ ಮರಳಿ ಬರಲಿ. ಇಲ್ಲಿನ ಶಾಲೆಯಲ್ಲಿ ಟೀಚರ್ ಬೇಕಾಗಿದ್ದಾರೆ, ಹೆಡ್‌ಮಾಸ್ಟರ್ ಎರಡು ಸಲ ಕೇಳಿದರು. ಹಿಂದಿನಿಂದ ಮೋಸ ಮಾಡಬಾರದು ಎಂದು ಮೊದಲೇ ತಿಳಿಸಿದ್ದೇನೆ. ನೀನಿಲ್ಲದೆ ನನಗೆ ಬೇಸರ, ಅದನ್ನು ಸುತ್ತಿಬಳಸಿ ಹೇಳುವುದು ನನಗೆ ಬರುವುದಿಲ್ಲ.

ನಿನ್ನ ಅಪ್ಪ
ಗುರುರಾಜಾಚಾರ್

---

ವಾಡಿ
17 ಡಿಸೆಂಬರ್ 1996

ತೀರ್ಥರೂಪ ಅಪ್ಪನವರಿಗೆ ನಮಸ್ಕಾರ.

ನಿಮ್ಮ ಸಂಕಲ್ಪವೋ ನನ್ನ ಕೆಲಸವೋ, ಸವಾಲು ಒಪ್ಪಿದ್ದೇನೆ. ಯುಗಾದಿಗೆ ಇನ್ನೂ ಟೈಮಿದೆ.

ಈ ತಿಂಗಳು ನನ್ನ ಮರ್ಯಾದೆ ಹೋದ ಸುದ್ದಿ ಕೇಳಿ. ಚೀಟಿಯ ಮೇಲೆ ಒಂದನೇ ಪಾಳಿಯೋ ಎರಡನೇ ಪಾಳಿಯೋ ಅಚ್ಚಾಗಬೇಕು. ಅದಕ್ಕೆ PALI ಎಂದು ಹೆಸರಿಟ್ಟು, ಒಳಗೆ 1 ಎಂದು ಇಟ್ಟೆ. ಶುರುವಾದ ದಿನ ಎಲ್ಲಾ ಚೀಟಿಗಳ ಮೇಲೂ PALI ಎಂದೇ ಅಚ್ಚಾಗಿ ಬಂತು. ಬಾಬುಮಿಯಾ ಎಂಬ ಲಾರಿ ಡ್ರೈವರ್ ಚೀಟಿ ಹಿಡಿದುಕೊಂಡು ಬಂದು ಕೇಳಿದ: "ಬೇಟಿ, ಈ ಪಾಲಿ ಅಂದ್ರ ಯಾರು? ಹೊಸಾ ಮ್ಯಾನೇಜರ್ ಏನು? ಎಲ್ಲಾ ಲಾರಿ ಅವರ ಹೆಸರಿಗೇ ಹೊಂಟಾವಲ್ಲ!"

ತಪ್ಪು ಇಷ್ಟೇ. ಹೆಸರಿನ ಮುಂದೆ ಡಾಲರ್ ಗುರುತು ಹಾಕಬೇಕಿತ್ತು. ಹಾಕಿದರೆ ಒಳಗಿನದನ್ನು ತೆಗೆದು ಹೇಳುತ್ತದೆ, ಹಾಕದಿದ್ದರೆ ಹೆಸರನ್ನೇ ಒದರುತ್ತದೆ. ಹಾಕಿದೆ. ಮರುದಿನ ಪಾಳಿಯ ಜಾಗ ಪೂರ್ತಿ ಖಾಲಿ ಬಂತು! ಚೀಟಿ ಅಚ್ಚು ಹಾಕುವ ಪ್ರೋಗ್ರಾಂ ಬೇರೆಯೇ. ನಾವು ಟೈಪು ಮಾಡುವ ಶೆಲ್ ಅದನ್ನು ಕರೆದು ಕೆಲಸಕ್ಕೆ ಹಚ್ಚುತ್ತದೆ. ಶೆಲ್ಲಿಗೆ ಹೇಳಿದ್ದು ಅದಕ್ಕೂ ಮುಟ್ಟಬೇಕೆಂದರೆ export PALI ಎಂದು ಒಂದು ಸಾಲು ಬರೆಯಬೇಕು. ಅದನ್ನೂ ಬರೆದೆ, ಈಗ ಒಂದನೇ ಪಾಳಿ ಸರಿಯಾಗಿ ಬರುತ್ತಿದೆ.

ಅಮೀರ್ ಅಲಿ ಚಾಚಾ ಪೆನ್ನನ್ನು ಇನ್ನೂ ಜೇಬಿನಲ್ಲಿಯೇ ಇಟ್ಟುಕೊಂಡಿದ್ದಾರೆ. "ನಿನ್ನ ಮ್ಯಾಲ ಭರೋಸಾ ಅದ ಬೇಟಿ, ಇದರ ಮ್ಯಾಲ ಇಲ್ಲ" ಎಂದು ಕಂಪ್ಯೂಟರಿನ ಕಡೆ ಬೊಟ್ಟು ಮಾಡುತ್ತಾರೆ.

ಸಂಕ್ರಾಂತಿಗೆ ಬರಲಾಗುವುದಿಲ್ಲ. ಎರಡನೇ ಪಾಳಿಯನ್ನು ಕೂಡಿಸುವ ಕೆಲಸವಿದೆ. ಸಿಟ್ಟಾಗಬೇಡಿ.

ನಿಮ್ಮ
ಶುಭಾ

---

ಚಿಂಚೋಳಿ
ಪುಷ್ಯ ಮಾಸ, ಸಂಕ್ರಾಂತಿಯ ಮರುದಿನ (15-1-1997)

ಚಿ. ಶುಭಾಳಿಗೆ ಆಶೀರ್ವಾದ.

ಸಿಟ್ಟಾದೆ. ಅದು ನಿನ್ನೆಗೇ ಮುಗಿಯಿತು. ಕುಸುರೆಳ್ಳನ್ನು ಪ್ರತ್ಯೇಕ ಡಬ್ಬಿಯಲ್ಲಿ ಹಾಕಿ ಕಳಿಸಿದ್ದೇವೆ, ಅತ್ಯಾ ಕಣ್ಣಿಗೆ ಬೀಳುವ ಮೊದಲು ನೀನು ತಿನ್ನು.

ನಿನ್ನ PALI ಓದಿ ಕುರಕುಂಟಾದ ಹೊಸ ಆಚಾರರೊಬ್ಬರು ನೆನಪಾದರು. ಅಚ್ಚಾದ ಪೂಜೆಯ ಪುಸ್ತಕದಲ್ಲಿ ಸಂವತ್ಸರ, ಮಾಸ, ಹೆಸರು ಬರುವ ಕಡೆ "ಅಮುಕ" ಎಂದು ಹಾಕಿರುತ್ತಾರೆ, ಎಂದರೆ ಇಂಥದ್ದು ಎಂದು. ಅಲ್ಲಿ ಆಯಾ ದಿನದ್ದನ್ನು ನಾವು ಸೇರಿಸಿ ಹೇಳಬೇಕು. ಈ ಮಹಾರಾಯರು ಗಡಿಬಿಡಿಯಲ್ಲಿ "ಅಮುಕ ಸಂವತ್ಸರೇ, ಅಮುಕ ಮಾಸೇ, ಅಮುಕ ಗೋತ್ರಸ್ಯ" ಎಂದು ಇದ್ದದ್ದನ್ನು ಇದ್ದಂತೆ ಓದಿ, ಮಂಗಳಾರತಿ ಮುಗಿಸಿ, ದಕ್ಷಿಣೆ ತೆಗೆದುಕೊಂಡರು. ಮನೆಯ ಹಿರಿಯರು ಕೈಮುಗಿದು, "ಪೂಜಾ ಭಾಳ ಛಂದ ಆತ್ರಿ ಆಚಾರ್ರ. ಖರೇ, ಯಾರಿಗಾತು?" ಎಂದರಂತೆ. ನೀನು ಡಾಲರ್ ಮರೆತದ್ದಕ್ಕೆ ನಾಚಬೇಕಾಗಿಲ್ಲ.

ಖಂಡೆಪ್ಪ ಹಾಲು ಹಾಕಲು ಬಂದಾಗಲೆಲ್ಲ ನಿನ್ನ ಬಗ್ಗೆ ಕೇಳುತ್ತಾನೆ. ಬರುತ್ತಾಳೆ, ಯುಗಾದಿಗೆ ಸಂಕಲ್ಪವಿದೆ ಎಂದು ಹೇಳಿದ್ದೇನೆ.

ನಿನ್ನ ಅಪ್ಪ
ಗುರುರಾಜಾಚಾರ್

---

ವಾಡಿ
2 ಫೆಬ್ರವರಿ 1997

ತೀರ್ಥರೂಪ ಅಪ್ಪನವರಿಗೆ ನಮಸ್ಕಾರ.

ಈ ಪತ್ರದಲ್ಲಿ ನಗು ಕಡಿಮೆ.

ಪಾಳಿ ಬದಲಾದಾಗ ಕಂಪ್ಯೂಟರಿಗೆ ಕುಳಿತ ಚಾಚಾ ಆ ಸಾಲುಗಳನ್ನು ಮತ್ತೆ ಟೈಪು ಮಾಡಬೇಕಾಗಬಾರದು ಎಂದು pali ಎಂಬ ಪುಟ್ಟ ಸ್ಕ್ರಿಪ್ಟ್ ಮಾಡಿದೆ. ಅದನ್ನು ಓಡಿಸಿದರೆ ಯಾವ ಪಾಳಿ ಎಂದು ಕೇಳುತ್ತದೆ, 2 ಎಂದು ಒತ್ತಿದರೆ PALI ಒಳಗೆ 2 ಇಟ್ಟು, ಎಕ್ಸ್‌ಪೋರ್ಟ್ ಕೂಡ ಮಾಡುತ್ತದೆ. ಸ್ಕ್ರಿಪ್ಟಿನೊಳಗೇ "ಈಗ ಪಾಳಿ 2" ಎಂದು ತೋರಿಸುವಂತೆ ಬರೆದೆ, ತೋರಿಸಿತು. ನಾನು ಖುಷಿಯಿಂದ ಮನೆಗೆ ಹೋದೆ. ಬೆಳಿಗ್ಗೆ ಬಂದು ನೋಡಿದರೆ ಎರಡನೇ ಪಾಳಿಯ ಚೀಟಿಗಳ ಮೇಲೂ 1 ಎಂದೇ ಇತ್ತು! ಸ್ಕ್ರಿಪ್ಟ್ ನಡೆಯುವವರೆಗೆ 2, ಮುಗಿದು ಹೊರಗೆ ಬಂದರೆ ಮತ್ತೆ 1. ಎಷ್ಟು ಸಲ ಓದಿದರೂ ಸ್ಕ್ರಿಪ್ಟಿನಲ್ಲಿ ತಪ್ಪಿಲ್ಲ.

ಎರಡನೇ ಪಾಳಿಯವರು ತುಂಬಿದ ಮಾಲೆಲ್ಲ ಮೊದಲನೆಯವರ ಲೆಕ್ಕಕ್ಕೆ ಹೋಯಿತು. ಗಲಾಟೆಯಾಯಿತು. ನಂದಕಿಶೋರ್ ಸಾಹೇಬರು ಕೂಗಾಡುವವರಲ್ಲ, ಅದೇ ಕಷ್ಟ. ಮೆಲ್ಲಗೆ, "ಶುಭಾ, ಇನ್ನೊಮ್ಮೆ ಹಿಂಗಾದ್ರ ನಾ ನಿನ್ನ ಕಡೆಯಿಂದ ಮಾತಾಡಾಕ ಆಗೂದಿಲ್ಲ" ಎಂದರು. ಚಾಚಾ ಪೆನ್ನಿನ ಟೊಪ್ಪಿಗೆ ತೆಗೆದು, ನನ್ನ ಮುಖ ನೋಡಿ, ಮತ್ತೆ ಹಾಕಿದರು.

ನನಗೆ ಈ ಕೆಲಸ ಬೇಕು ಅಪ್ಪಾ. ಸಂಬಳಕ್ಕಲ್ಲ. ಇಲ್ಲಿ ಕುಳಿತಾಗ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಶುಭಾ

---

ಚಿಂಚೋಳಿ
ಮಾಘ ಪೌರ್ಣಿಮೆ (22-2-1997)

ಚಿ. ಶುಭಾಳಿಗೆ ಆಶೀರ್ವಾದ.

ನಿನ್ನ ಪತ್ರ ಓದಿ ನನಗೆ ಮೊದಲು ಸಂತೋಷವಾಯಿತು. ಇನ್ನೇನು ಬಂದುಬಿಡುತ್ತಾಳೆ ಎಂದುಕೊಂಡೆ. ಆಮೇಲೆ ಕೊನೆಯ ಸಾಲು ಓದಿ, ಬರೆಯಲು ತೆಗೆದ ಎರಡು ಕಾಗದ ಹರಿದು ಹಾಕಿದೆ. ಅದಕ್ಕೇ ಉತ್ತರ ತಡವಾಯಿತು.

ನಿನ್ನ ಯಂತ್ರಕ್ಕೆ ಮದ್ದು ನನ್ನ ಹತ್ತಿರ ಇಲ್ಲ. ನಗಲಿ ಎಂದು ಇಲ್ಲಿಯ ಸುದ್ದಿ ಬರೆಯುತ್ತೇನೆ. ಮೊನ್ನೆ ಚಿತ್ತಾಪುರದಲ್ಲಿ ಬಟ್ಟೆ ವ್ಯಾಪಾರಿ ವಿಠ್ಠಲ್‌ಶೇಟರ ಹೊಸ ಮನೆಯ ವಾಸ್ತುಶಾಂತಿ. ಲಗ್ನದ ಹಂಗಾಮು, ಅಂಗಡಿಯಲ್ಲಿ ಗಿರಾಕಿ. ಶೇಟರು ನನಗೆ, "ಆಚಾರ್ರ, ಒಳಗ ಹೋಗಿ ಸಂಕಲ್ಪ ಗಿಂಕಲ್ಪ ಎಲ್ಲಾ ನೀವೇ ಹೇಳಿ ಮುಗಸ್ರಿ. ನಾ ಆರತಿಗೆ ಬರ್ತೀನಿ" ಎಂದು ಹೊರಟೇ ಹೋದರು.

ನಾನು ಒಳಗೆ ಕುಳಿತು ಶುದ್ಧವಾಗಿ ಹೇಳಿದೆ. ಸಂಕಲ್ಪದಲ್ಲಿ "ಮಮ" ಎಂದು ಬರುತ್ತದೆ, ನನ್ನ ಎಂದು ಅರ್ಥ. ಶೇಟರು ಆರತಿಗೆ ಬಂದರು. "ಎಲ್ಲಾ ಬರೋಬ್ಬರಿ ಆತಿಲ್ರಿ?" ಎಂದರು. "ಬರೋಬ್ಬರಿ ಆಗ್ಯದ. ಮಮ ಅಂತ ನಾನೇ ಅಂದೀನಿ, ಹಂಗಾಗಿ ಮನೀ ಶಾಂತಿ ಪೂರಾ ನನ್ನ ಹೆಸರಿಗೆ ಆಗ್ಯದ. ನೀವು ಹೊರಗ ಇದ್ರಿ, ನಿಮಗೇನೂ ಮುಟ್ಟಿಲ್ಲ" ಎಂದೆ. ಶೇಟರು ಅಂಗಿ ತೆಗೆದು ಎಸೆದು, ಮಣೆಯ ಮೇಲೆ ಕುಳಿತು, "ಮತ್ತ ಮೊದಲಿಂದ ಹೇಳ್ರಿ, ಈ ಸಲ ನನ್ನ ಬಾಯಿಲೇ ಹೇಳ್ತೀನಿ" ಎಂದರು. ಒಂದೊಂದು ಶಬ್ದವನ್ನೂ ಅವರ ಬಾಯಿಂದಲೇ ಹೇಳಿಸಿದೆ. ಊಟಕ್ಕೆ ಬಹಳ ತಡವಾಯಿತು, ಎಲ್ಲರೂ ನನ್ನನ್ನು ಬೈದರು.

ಊಟ ಬಿಡಬೇಡ.

ನಿನ್ನ ಅಪ್ಪ
ಗುರುರಾಜಾಚಾರ್

---

ವಾಡಿ
9 ಮಾರ್ಚ್ 1997

ಅಪ್ಪಾ, ಅಪ್ಪಾ, ಅಪ್ಪಾ!

ನಮಸ್ಕಾರ ಆಮೇಲೆ. ವಿಠ್ಠಲ್‌ಶೇಟರಿಗೆ ನನ್ನ ಲೆಕ್ಕದಲ್ಲಿ ಒಂದು ತೆಂಗಿನಕಾಯಿ ಕೊಡಿ.

ನಿಮ್ಮ ಪತ್ರವನ್ನು ಊಟ ಮಾಡುತ್ತ ಓದುತ್ತಿದ್ದೆ. "ನೀವು ಹೊರಗ ಇದ್ರಿ, ನಿಮಗೇನೂ ಮುಟ್ಟಿಲ್ಲ" ಎಂಬಲ್ಲಿಗೆ ಬಂದಾಗ ತುತ್ತು ಕೈಯಲ್ಲೇ ಉಳಿಯಿತು. ಸ್ಕ್ರಿಪ್ಟನ್ನು ಓಡಿಸಿದಾಗ ನಮ್ಮ ಮುಂದಿನ ಶೆಲ್ ಅದನ್ನು ತಾನು ಮಾಡುವುದಿಲ್ಲ. ಇನ್ನೊಂದು ಶೆಲ್ಲನ್ನು ಹುಟ್ಟಿಸಿ, ಒಳಗೆ ಹೋಗಿ ಮಾಡಿ ಬಾ ಎನ್ನುತ್ತದೆ. ಆ ಇನ್ನೊಂದು ತನ್ನ PALI ಒಳಗೆ 2 ಇಟ್ಟುಕೊಂಡು, ಕೆಲಸ ಮುಗಿಸಿ, ಅದನ್ನು ತನ್ನ ಜೊತೆಗೇ ತೆಗೆದುಕೊಂಡು ಹೋಗಿಬಿಡುತ್ತದೆ. ಹೊರಗೆ ಕುಳಿತ ಶೇಟರ ಹತ್ತಿರ ಹಳೆಯ 1 ಹಾಗೆಯೇ ಇರುತ್ತದೆ.

ಕಾರಣ ಸಿಕ್ಕಿತು, ಉಪಾಯ ಸಿಗಬೇಕಿತ್ತಲ್ಲ? ಆಫೀಸಿನ ಕಪಾಟಿನಲ್ಲಿರುವ ಶಹಾಬಾದ್ ಪರಸಿಕಲ್ಲಿನಷ್ಟು ಭಾರದ ಪುಸ್ತಕ ತೆಗೆದು ಹುಡುಕಿದೆ. ಒಂದು ಚುಕ್ಕೆ ಅಪ್ಪಾ! ಸ್ಕ್ರಿಪ್ಟಿನ ಹೆಸರಿನ ಮುಂದೆ ಒಂದು ಚುಕ್ಕೆ, ಸ್ವಲ್ಪ ಜಾಗ, ಆಮೇಲೆ ಹೆಸರು. ಚುಕ್ಕೆ ಇಟ್ಟರೆ ಇನ್ನೊಂದು ಶೆಲ್ ಹುಟ್ಟುವುದಿಲ್ಲ, ಪ್ರತಿ ಸಾಲನ್ನೂ ಈ ಶೆಲ್ಲೇ ತನ್ನ ಬಾಯಿಯಿಂದ ಹೇಳುತ್ತದೆ. 2 ಬಂತು, ಉಳಿಯಿತು.

ಆದರೆ ಚಾಚಾ ಚುಕ್ಕೆ ಮರೆಯುತ್ತಿದ್ದರು. ಅದಕ್ಕೆ ಆ ಸಾಲುಗಳನ್ನು .profile ಎಂಬಲ್ಲಿ ಹಾಕಿದೆ. ಲಾಗಿನ್ ಆದ ಕೂಡಲೇ ಶೆಲ್ ಅದನ್ನು ತಾನೇ ಓದಿಕೊಳ್ಳುತ್ತದೆ, ಚುಕ್ಕೆ ಬೇಕಿಲ್ಲ. ಪಾಳಿ ಬದಲಾದಾಗ ಹಳಬರು ಲಾಗೌಟ್ ಆಗಬೇಕು, ಹೊಸಬರು ಲಾಗಿನ್ ಆಗಬೇಕು. ಚಾಚಾ ಕೇಳಿ ತಲೆ ಆಡಿಸಿದರು: "ಅಂದ್ರ ನಮಾಜಿಗಿಂತ ಮೊದಲು ಕೈಕಾಲು ತೊಳದು ವಜೂ ಮಾಡಿದಂಗ. ಹಿಂಗ ಮೊದಲೇ ಹೇಳಬೇಕಿಲ್ಲ, ಬೇಟಿ!" ಅವತ್ತಿನಿಂದ ಚೀಟಿ ಒಂದೂ ತಪ್ಪಿಲ್ಲ. ಚಾಚಾನ ಪೆನ್ನು ಈಗ ಜೇಬಿನಿಂದ ಡ್ರಾಯರಿಗೆ ಹೋಗಿದೆ.

ಪುಸ್ತಕದಲ್ಲಿ ಹುಟ್ಟಿಸುವ ಶೆಲ್ಲಿಗೆ ತಾಯಿತಂದೆ, ಹುಟ್ಟಿದ್ದಕ್ಕೆ ಮಗು ಎಂದೇ ಬರೆದಿದ್ದಾರೆ. ಹಿರಿಯರು ಎಕ್ಸ್‌ಪೋರ್ಟ್ ಮಾಡಿದ್ದು ಮಗುವಿಗೆ ಮುಟ್ಟುತ್ತದೆ. ಮಗು ಅಲ್ಲಿ ಏನೇ ಮಾಡಿಕೊಂಡರೂ ಹಿರಿಯರಿಗೆ ತಿಳಿಯುವುದಿಲ್ಲ. ಇದನ್ನು ಓದಿ ನೀವು ಜಗಳಕ್ಕೆ ಬರುತ್ತೀರಿ ಎಂದು ಗೊತ್ತು.

ನಿಮ್ಮ
ಶುಭಾ

---

ಚಿಂಚೋಳಿ
26 ಮಾರ್ಚ್ 1997

ಶುಭಾ, ನಿನಗೆ ಅವ್ವನ ಆಶೀರ್ವಾದ.

ನಿಮ್ಮ ಅಪ್ಪ ಜಗಳಕ್ಕೆ ಬಂದಿದ್ದಾರೆ, ಆದರೆ ನನ್ನ ಜೊತೆ. "ಮಗು ಮಾಡಿದ್ದು ಹಿರ‍್ಯಾರಿಗೆ ಮುಟ್ಟೂದಿಲ್ಲಂದ್ರ ಅದು ಯಾವ ಊರ ನ್ಯಾಯ?" ಎಂದು ಚಪಾತಿ ಮಾಡುತ್ತಿರುವ ನನ್ನನ್ನು ಹಿಡಿದು ಕೇಳುತ್ತಾರೆ. ನಿನ್ನ ಪತ್ರವನ್ನು ಗುಡಿಯ ಕಟ್ಟೆಯ ಮೇಲೆ ಎಲ್ಲರಿಗೂ ಓದಿ ಹೇಳಿಯಾಯಿತು. ಖಂಡೆಪ್ಪನಿಗೆ ಈಗ ಡಾಲರ್, ಚುಕ್ಕೆ ಎರಡೂ ಗೊತ್ತು.

ಆದರೂ ಹಟ ಬಿಟ್ಟಿಲ್ಲ. ಯುಗಾದಿಗೆ ನಿನ್ನನ್ನು ಕರೆಯುವ ಸಂಕಲ್ಪವನ್ನು ಸಂಸ್ಕೃತದಲ್ಲಿ ಜೋಡಿಸಿಟ್ಟುಕೊಂಡು ಸ್ನಾನ ಮಾಡುವಾಗ ಅಂದುಕೊಳ್ಳುತ್ತಾರೆ. ನಿಮ್ಮ ವಾಡಿ ಕಡೆಯಿಂದ ಸೇಡಂ ಬಸ್ಸು ಬರುವ ಹೊತ್ತಿಗೆ ಬಾಗಿಲಲ್ಲಿ ನಿಲ್ಲುತ್ತಾರೆ. ಯಾಕೆ ಎಂದರೆ ಗಾಳಿಗೆ ಎನ್ನುತ್ತಾರೆ. ನನಗೂ ನೀನು ಬೇಕು, ಆದರೆ ನಿನ್ನ ಪತ್ರದ ಮೊದಲ ಸಾಲಿನಲ್ಲಿ ಮೂರು ಸಲ ಅಪ್ಪಾ ಎಂದಿದ್ದೀಯಲ್ಲ, ಆ ಖುಷಿ ನಾನು ನಿನ್ನಲ್ಲಿ ಮೊದಲು ಕಂಡಿರಲಿಲ್ಲ. ನಾನು ನಡುವೆ ಬರುವುದಿಲ್ಲ.

ತಲೆಗೆ ಎಣ್ಣೆ ಹಚ್ಚಿಕೋ.

ನಿನ್ನ ಅವ್ವ
ಸರಸ್ವತಿಬಾಯಿ

---

ವಾಡಿ
3 ಏಪ್ರಿಲ್ 1997

ತೀರ್ಥರೂಪ ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರ.

ಬಾಬುಮಿಯಾ ಚಿಂಚೋಳಿಯ ಮೇಲೆ ಜಹೀರಾಬಾದಿಗೆ ಹೋಗುತ್ತಾನೆ. ಅವನ ಕೈಯಲ್ಲಿ ಒಂದು ಕಾಗದದ ಸುರುಳಿ ಕೊಟ್ಟಿದ್ದೇನೆ, ಹುಷಾರಾಗಿ ಬಿಚ್ಚಿ. ಈ ಕಂಪ್ಯೂಟರಿನಲ್ಲಿ banner ಎಂದರೆ ಅಕ್ಷರವನ್ನು ಗೇಣುದ್ದ ಮಾಡಿ ಅಚ್ಚು ಹಾಕುತ್ತದೆ, ರಂಗೋಲಿಯ ಚುಕ್ಕೆ ಕೂಡಿಸಿದ ಹಾಗೆ. ಕನ್ನಡ ಬರುವುದಿಲ್ಲ, ಇಂಗ್ಲಿಷ್ ಅಕ್ಷರ ನಿಮಗೆ ಬರುತ್ತವಲ್ಲ. ಯುಗಾದಿಯ ಬೆಳಗಿಗೆ ಬೇಕಾದದ್ದೆಲ್ಲ ಅದರಲ್ಲಿದೆ. ಹೊಸ ಸಂವತ್ಸರ ISHWARA, ಮಾಸ CHAITRA, ಋತು VASANTA. ಲಕ್ಷ್ಮಿಕಾಂತ ನಿಶ್ಚಿಂತೆಯಿಂದ ಹಲ್ಲುಜ್ಜಲಿ.

ಕೆಳಗೆ BEDIKE ಎಂದು ಬರೆದು ಮುಂದೆ ಖಾಲಿ ಬಿಟ್ಟಿದ್ದೇನೆ. ಅದನ್ನು ತುಂಬುವವರು ನೀವು.

ನಂದಕಿಶೋರ್ ಸಾಹೇಬರು ನಿನ್ನೆ ಕರೆದರು. "ಕೆಲಸ ನಿಂದೇ. ಹಬ್ಬ ಮುಗದ ಮ್ಯಾಲ ಬಂದು ಹೂಂ ಅನ್ನು" ಎಂದರು. ನನಗೆ ಆಗಲೇ ಹೂಂ ಎನ್ನಬೇಕೆನಿಸಿತು, ಅನ್ನಲಿಲ್ಲ. ನಮ್ಮ ಮನೆಯ ಸಂಕಲ್ಪ ಒಂದು ಕಡೆ, ನಾನು ಒಂದು ಕಡೆ ಆಗುವುದು ನನಗೆ ಬೇಡ. ಯುಗಾದಿಯ ದಿನ ನೀವು ಬಾ ಎಂದು ಹೇಳಿದರೆ ಬರುತ್ತೇನೆ, ಮುಖ ಸಣ್ಣದು ಮಾಡುವುದಿಲ್ಲ.

ಹಬ್ಬಕ್ಕೆ ಬರುವುದಿಲ್ಲ. ರಜೆ ಇದೆ, ಬೇಕೆಂದೇ ಬರುವುದಿಲ್ಲ. ನಾನು ಎದುರಿಗೆ ಇದ್ದರೆ ನೀವು ನನ್ನ ಮುಖ ನೋಡಿ ಹೇಳುತ್ತೀರಿ. ದೇವರ ಮುಖ ನೋಡಿ ಹೇಳಿ.

ನಿಮ್ಮ ಮಗಳು
ಶುಭಾ

---

ಚಿಂಚೋಳಿ
ಈಶ್ವರ ಸಂವತ್ಸರ, ಚೈತ್ರ ಶುದ್ಧ ಪ್ರತಿಪದೆ, ಯುಗಾದಿ (8-4-1997)

ಚಿ. ಶುಭಾಳಿಗೆ ಅಪ್ಪನ ಆಶೀರ್ವಾದ.

ಮೇಲೆ ಸಂವತ್ಸರ ಸರಿಯಾಗಿ ಬರೆದಿದ್ದೇನೆ, ನೋಡಿಕೋ. ನಿನ್ನ ಕಾಗದವನ್ನು ಗುಡಿಯ ಎರಡು ಕಂಬಗಳ ನಡುವೆ ಕಟ್ಟಿಸಿದೆ. ಖಂಡೆಪ್ಪ ಹಾಲಿನ ಗಡಿಗೆ ಇಳಿಸಿ, ಏನು ಬರೆದಿದೆ ಎಂದು ಕೇಳಿದ. ಲಕ್ಷ್ಮಿಕಾಂತ "ಈಶ್ವರ" ಎಂದು ಓದಿದ. ಖಂಡೆಪ್ಪ ಎರಡೂ ಕೈ ಮುಗಿದು, "ಅಂತೂ ನಮ್ಮ ದೇವ್ರ ಕಡಿ ಬಂದ್ರಿ ಆಚಾರ್ರ!" ಎಂದ. ವೈಷ್ಣವರ ಗುಡಿಯಲ್ಲಿ ಮುಂಜಾನೆಯಿಂದ ಅದೇ ನಗು.

ಅಷ್ಟು ದೊಡ್ಡ ಅಕ್ಷರ ಎದುರಿಗಿದ್ದರೂ ನನ್ನ ಬಾಯಿ ರೂಢಿಯಂತೆ "ಧಾತೃ ನಾಮ ಸಂವತ್ಸರೇ" ಎಂದಿತು. ಕುಳಿತವರೆಲ್ಲ ಒಟ್ಟಿಗೆ "ಈಶ್ವರ!" ಎಂದು ಕೂಗಿದರು. ತಿದ್ದಿ ಹೇಳಿದೆ. ಋತು, ಮಾಸ, ತಿಥಿ ಎಲ್ಲವೂ ಬಂದವು. ಊರಿನ ಹೆಸರು ಹೇಳುವಾಗ ಚಿಂಚೋಳಿ ಎಂದ ಮೇಲೆ ನಿಲ್ಲಬೇಕಿತ್ತು, ನಾನು ವಾಡಿ ಎಂದೂ ಸೇರಿಸಿದೆ. ನಮ್ಮ ಮನೆಯವರು ಇರುವ ಊರುಗಳು ಈಗ ಎರಡಲ್ಲವೇ?

ಆಮೇಲೆ ನಿನ್ನ ಖಾಲಿ ಜಾಗ ಬಂತು. ತಿಂಗಳುಗಟ್ಟಲೆ ಜೋಡಿಸಿಟ್ಟುಕೊಂಡ ಸಂಸ್ಕೃತ ನಾಲಿಗೆಯ ತುದಿಯಲ್ಲೇ ಇತ್ತು. ಕೈಯಲ್ಲಿ ಅಕ್ಷತೆ, ನೀರು ಬಿಡಬೇಕು. ನೀನು ಹೇಳಿದಂತೆ ದೇವರ ಮುಖ ನೋಡಿದೆ. ನೀನು ಮೂರು ಸಲ ಅಪ್ಪಾ ಎಂದು ಬರೆದದ್ದೇ ಕಣ್ಣಮುಂದೆ ಬಂತು. ಕೆಮ್ಮಿದೆ. ಮತ್ತೆ ಶುರು ಮಾಡಿ, "ಶುಭಾನಾಮ್ನ್ಯಾಃ ಮಮ ಪುತ್ರ್ಯಾಃ ಉದ್ಯೋಗೇ ಸ್ಥೈರ್ಯಸಿದ್ಧ್ಯರ್ಥಂ" ಎಂದೆ. ಶುಭಾ ಎಂಬ ನನ್ನ ಮಗಳ ಕೆಲಸ ಗಟ್ಟಿಯಾಗಲಿ ಎಂದು.

ನಿಮ್ಮ ಅವ್ವ ಹಿಂದಿನಿಂದ ನನ್ನ ಶಲ್ಯ ಹಿಡಿದು ಜಗ್ಗಿದಳು. "ಏನಂದ್ರಿ? ಮತ್ತೊಮ್ಮೆ ಅನ್ರಿ. ಈ ಸಲ ನನ್ನ ಬಾಯಿಲೇ ಅನಸ್ರಿ" ಎಂದಳು. ಒಂದೊಂದು ಶಬ್ದವನ್ನೂ ಅವಳ ಬಾಯಿಂದಲೇ ಹೇಳಿಸಿದೆ. ಅವಳು ಅಳುತ್ತ, ನಗುತ್ತ, ತಪ್ಪಿಲ್ಲದೆ ಹೇಳಿದಳು. ಚುಕ್ಕೆ ಇಟ್ಟೇ ಹೇಳಿದ್ದೇವೆ ಮಗಳೇ, ಈ ಮನೆಯಲ್ಲಿ ಇದು ವರ್ಷವಿಡೀ ಉಳಿಯುತ್ತದೆ.

ಹಿರಿಯರು ಎಕ್ಸ್‌ಪೋರ್ಟ್ ಮಾಡಿದ್ದು ಮಗುವಿಗೆ ಮುಟ್ಟುತ್ತದೆ ಎಂದು ಬರೆದಿದ್ದೆಯಲ್ಲ, ಹಾಗಾದರೆ ಇದು ಮುಟ್ಟಲಿ: ನಂದಕಿಶೋರ್ ಸಾಹೇಬರಿಗೆ ಈ ಪತ್ರ ಸಿಕ್ಕ ದಿನವೇ ಹೂಂ ಅನ್ನು. ಇನ್ನು ಮಗು ಅಲ್ಲಿ ಏನು ಮಾಡಿಕೊಂಡರೂ ಹಿರಿಯರಿಗೆ ತಿಳಿಯುವುದಿಲ್ಲ ಎಂದೆಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ರವಿವಾರ ಸೇಡಂ ಬಸ್ಸಿಗೆ ಬಂದು ನೀನೇ ಎಲ್ಲಾ ಹೇಳು. ಹೋಳಿಗೆ ಎತ್ತಿಟ್ಟಿದ್ದೇವೆ. ನಾನು ಬಾಗಿಲಲ್ಲಿ ನಿಂತಿರುತ್ತೇನೆ, ಗಾಳಿಗಲ್ಲ.

ನಿನ್ನ ಅಪ್ಪ
ಗುರುರಾಜಾಚಾರ್